ಕ್ಯಾಟ್‌ಫಿಶ್‌ಗೆ ವಾಸನೆ, ಬ್ಯಾಸ್‌ಗೆ ಆಟ: ಟೆಕ್ಸಸ್ ಕೆರೆಗಳಲ್ಲಿ ಹಾಕಿ ನೋಡಿದ ಎರೆಗಳು

ಡಲ್ಲಾಸ್ ಸುತ್ತಮುತ್ತ ಇರುವ ಕನ್ನಡದವರಲ್ಲಿ ಗಾಳ ಹಿಡಿದು ಕೂರುವವರು ಕಡಿಮೆ. ಆ ಕಡಿಮೆ ಜನರಲ್ಲೂ ಎರಡು ಪಂಗಡ. ನಾನು ಕ್ಯಾಟ್‌ಫಿಶ್ ಕಡೆಯವನು, ನಮ್ಮ ಭಾವ ಬ್ಯಾಸ್ ಕಡೆಯವರು. ಕ್ಯಾಟ್‌ಫಿಶ್ ಹಿಡಿಯುವುದು ಸೋಮಾರಿಗಳ ಕೆಲಸ ಅನ್ನುತ್ತಾರೆ ಅವರು. ಬ್ಯಾಸ್ ಹಿಡಿಯುವುದು ದುಡ್ಡು ಜಾಸ್ತಿ ಆದವರ ಕೆಲಸ ಅನ್ನುತ್ತೇನೆ ನಾನು. ಆದರೂ ಕೆಲವು ವರ್ಷಗಳಿಂದ ಒಂದೇ ಕಾರಿನಲ್ಲಿ ಒಂದೇ ಕೆರೆಗೆ ಹೋಗುತ್ತಿದ್ದೇವೆ. ನನ್ನ ಎರೆ ಅವರು, ಅವರ ಎರೆ ನಾನು ಹಾಕಿ ನೋಡಿದ್ದೂ ಆಗಿದೆ. ಹೊಸದಾಗಿ ಶುರು ಮಾಡುವವರು ಅಂಗಡಿಯ ಗೋಡೆ ತುಂಬಾ ನೇತುಹಾಕಿರುವ ಬಣ್ಣಬಣ್ಣದ ಪ್ಲಾಸ್ಟಿಕ್ ನೋಡಿ ತಬ್ಬಿಬ್ಬಾಗುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಕಂಡುಕೊಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಯಾಟ್‌ಫಿಶ್‌ನಲ್ಲಿ ಎರೆಯೇ ಮುಕ್ಕಾಲು ಕೆಲಸ ಮಾಡುತ್ತದೆ. ಬ್ಯಾಸ್‌ನಲ್ಲಿ ಎರೆಯ ಪಾಲು ಕಾಲು ಭಾಗವೂ ಇಲ್ಲ, ಉಳಿದದ್ದೆಲ್ಲ ಜಾಗ ಮತ್ತು ಕೈ. ಹಾಗಾಗಿ ಒಂದಕ್ಕೆ ಎರೆ ಬದಲಾಯಿಸುತ್ತಾ ಹೋಗಬೇಕು, ಇನ್ನೊಂದಕ್ಕೆ ನಿಂತ ಜಾಗ ಬದಲಾಯಿಸುತ್ತಾ ಹೋಗಬೇಕು. ಜನ ಮಾಡುವುದು ಇದರ ಉಲ್ಟಾ.

ಮೀನಿನ ಮೈ ನೋಡಿದರೆ ಕಾರಣ ಗೊತ್ತಾಗುತ್ತದೆ. ಕ್ಯಾಟ್‌ಫಿಶ್‌ಗೆ ಎಂಟು ಮೀಸೆ. ಮೀಸೆಯಲ್ಲಿ ಮಾತ್ರವಲ್ಲ, ಮೈ ತುಂಬಾ ರುಚಿ ತಿಳಿಯುವ ಮೊಗ್ಗುಗಳಿವೆ. ಬಗ್ಗಡ ನೀರಿನಲ್ಲಿ, ಕತ್ತಲಲ್ಲಿ, ಕಣ್ಣಿನ ಸಹಾಯ ಇಲ್ಲದೆ ಊಟ ಹುಡುಕುವ ಮೀನು ಅದು. ಬ್ಯಾಸ್ ಹಾಗಲ್ಲ. ನಾವಿಲ್ಲಿ ಬ್ಯಾಸ್ ಅನ್ನುವುದು ಲಾರ್ಜ್‌ಮೌತ್ ಬ್ಯಾಸ್‌ಗೆ. ಅದು ಸನ್‌ಫಿಶ್ ಕುಟುಂಬದ್ದು, ದಡದಲ್ಲಿ ಎಲ್ಲರ ಎರೆ ಕದಿಯುವ ಪುಟ್ಟ ಬ್ಲೂಗಿಲ್‌ಗೆ ದಾಯಾದಿ. ಮರದ ದಿಮ್ಮಿ, ಜೊಂಡು, ದೋಣಿಕಟ್ಟೆಯ ನೆರಳು, ಇಂಥ ಕಡೆ ಅಡಗಿ ನಿಂತು, ಹತ್ತಿರ ಬಂದದ್ದನ್ನು ಕಣ್ಣಿನಿಂದ ನೋಡಿ, ನೀರಿನ ಅಲುಗಾಟ ತಿಳಿದು, ಒಮ್ಮೆಲೇ ಹಾರಿ ನುಂಗುತ್ತದೆ. ಅದರ ಮೂತಿಗೆ ಒಂದಡಿ ದೂರದಲ್ಲಿ ಬಿದ್ದ ಹಳೇ ಪ್ಲಾಸ್ಟಿಕ್ ಹುಳ, ಮೂವತ್ತು ಅಡಿ ದೂರದಲ್ಲಿ ಬಿದ್ದ ಹೊಸ ಎರೆಗಿಂತ ಮೇಲು.

ಕ್ಯಾಟ್‌ಫಿಶ್ ಎರೆಗಳು

ಎಲ್ಲರೂ ಶುರು ಮಾಡುವುದು ಕೋಳಿ ಲಿವರ್‌ನಿಂದ. ಅಗ್ಗ, ಎಲ್ಲಾ ಕಡೆ ಸಿಗುತ್ತದೆ, ರಕ್ತದ ವಾಸನೆ ನೀರಿನಲ್ಲಿ ಬೇಗ ಹರಡುತ್ತದೆ. ಮೀನಂತೂ ಬರುತ್ತದೆ. ತೊಂದರೆ ಏನಂದರೆ ಲಿವರ್ ಗಾಳದಲ್ಲಿ ನಿಲ್ಲುವುದಿಲ್ಲ. ಜೋರಾಗಿ ಬೀಸಿ ಎಸೆದರೆ ಲಿವರ್ ಒಂದು ಕಡೆ, ಗಾಳ ಒಂದು ಕಡೆ. ಹಿಂದಿನ ರಾತ್ರಿ ಉಪ್ಪು ಹಾಕಿ ಫ್ರಿಜ್ಜಿನಲ್ಲಿಟ್ಟರೆ ಸ್ವಲ್ಪ ಗಟ್ಟಿಯಾಗುತ್ತದೆ. ಹಳೇ ನೈಲಾನ್ ಕಾಲುಚೀಲದ ತುಂಡಿನಲ್ಲಿ ಸುತ್ತಿ ಹೊಲಿಗೆ ದಾರ ಕಟ್ಟುವವರೂ ಇದ್ದಾರೆ. ಅಷ್ಟೆಲ್ಲ ಮಾಡಿ ಕೈ ರಕ್ತ ಮಾಡಿಕೊಳ್ಳುವ ಬದಲು ಬೇರೆ ಎರೆ ಇವೆ. ನಾನಂತೂ ಲಿವರ್ ಬಿಟ್ಟಿದ್ದೇನೆ.

ಹಾಟ್‌ಡಾಗ್ ವಿಷಯಕ್ಕೆ ನಗಬೇಡಿ. ಅಂಗಡಿಯಲ್ಲಿ ಸಿಗುವ ಅತಿ ಅಗ್ಗದ ಹಾಟ್‌ಡಾಗ್ ತಂದು ಒಂದಿಂಚಿನ ತುಂಡು ಮಾಡಿ, ಬೆಳ್ಳುಳ್ಳಿ ಪುಡಿ ಮತ್ತು ಕೂಲ್‌ಏಡ್ ಅನ್ನುವ ಸ್ಟ್ರಾಬೆರಿ ಶರಬತ್ತಿನ ಪುಡಿ ಹಾಕಿ ರಾತ್ರಿ ನೆನೆಸಿಡುವುದು ಇಲ್ಲಿಯವರ ಹಳೇ ಪದ್ಧತಿ. ಬೆಳಿಗ್ಗೆ ಡಬ್ಬಿ ತೆಗೆದರೆ ಕೆಂಪಗೆ ಹೊಳೆಯುತ್ತಿರುತ್ತದೆ. ಗಾಳದಲ್ಲಿ ಭದ್ರವಾಗಿ ನಿಲ್ಲುತ್ತದೆ, ಎಷ್ಟು ಜೋರಾಗಿ ಎಸೆದರೂ ಬೀಳುವುದಿಲ್ಲ. ಊರೊಳಗಿನ ಪಾರ್ಕ್ ಕೆರೆಗಳಿಗೆ ಟೆಕ್ಸಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯವರು ಚಾನಲ್ ಅನ್ನುವ ಜಾತಿಯ ಕ್ಯಾಟ್‌ಫಿಶ್ ತಂದು ಬಿಡುತ್ತಾರೆ, ಚಳಿಗಾಲದಲ್ಲಿ ಟ್ರೌಟ್. ಹಾಗೆ ಬಿಟ್ಟ ಮೀನುಗಳಿಗೆ ಹಾಟ್‌ಡಾಗ್ ಚೆನ್ನಾಗಿ ನಡೆಯುತ್ತದೆ. ಕೊಳದಲ್ಲಿ ಉಂಡೆ ಆಹಾರ ತಿಂದು ಬೆಳೆದ ಮೀನು ಅವು, ಹೊಸದನ್ನು ಬಾಯಿಗೆ ಹಾಕಿಕೊಳ್ಳಲು ಹಿಂದೆಮುಂದೆ ನೋಡುವುದಿಲ್ಲ ಅಂತ ನನ್ನ ಊಹೆ. ದೊಡ್ಡ ಜಲಾಶಯಗಳಲ್ಲಿ ಇದೇ ಹಾಟ್‌ಡಾಗ್ ಹಾಕಿ ಕೂತರೆ ಬೇಜಾರಾಗುತ್ತದೆ.

ಎರೆಹುಳದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಲ್ಲಿ ಡಬ್ಬಿಯಲ್ಲಿ ಮಾರುವ ನೈಟ್‌ಕ್ರಾಲರ್ ನಮ್ಮ ಮಂಡ್ಯ ಕಡೆ ವಿ.ಸಿ. ನಾಲೆ ದಡದಲ್ಲಿ ಅಗೆದು ತೆಗೆಯುತ್ತಿದ್ದ ಹುಳಕ್ಕಿಂತ ದಪ್ಪ. ಅದನ್ನು ಎಲ್ಲಾ ಮೀನೂ ತಿನ್ನುತ್ತದೆ. ಅದೇ ತಾಪತ್ರಯ. ಕ್ಯಾಟ್‌ಫಿಶ್ ಬರುವ ಮೊದಲು ಬ್ಲೂಗಿಲ್ ಬಂದು ಚೂರುಚೂರಾಗಿ ಕಿತ್ತುಕೊಂಡು ಹೋಗುತ್ತದೆ. ಮಕ್ಕಳ ಜೊತೆ ಹೋದರೆ ಇದನ್ನೇ ತಗೊಳ್ಳಿ. ಬೆಂಡು ಕುಣಿಯುತ್ತಲೇ ಇರುತ್ತದೆ, ಮಕ್ಕಳಿಗೆ ಬೇಕಾದದ್ದೂ ಅದೇ ಅಲ್ವಾ?

ಈಗ ಪಂಚ್ ಬೇಟ್. ಕೆಟ್ಟ ಚೀಸ್ ಮತ್ತು ಏನೇನೋ ಸೇರಿಸಿ ಹುಳಿ ಬರಿಸಿದ, ನಾರುನಾರಾದ ಅಂಟು ಮುದ್ದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತದೆ. ಮುಚ್ಚಳ ತೆಗೆದರೆ ಪಕ್ಕದವರು ಎದ್ದು ಹೋಗುತ್ತಾರೆ. ಕೈಯಲ್ಲಿ ಮುಟ್ಟಬಾರದು. ಮೂರು ಮೊನೆಯ ಸಣ್ಣ ಗಾಳವನ್ನು ಮುದ್ದೆಯ ಮೇಲಿಟ್ಟು, ಕಡ್ಡಿಯಿಂದ ಒಳಗೆ ಒತ್ತಿ, ದಾರ ಹಿಡಿದು ಸರಕ್ಕನೆ ಮೇಲಕ್ಕೆಳೆಯಬೇಕು. ಎಳೆದಾಗ ನಾರು ಗಾಳಕ್ಕೆ ಸುತ್ತಿಕೊಂಡು ನೆಲ್ಲಿಕಾಯಿ ಗಾತ್ರದ ಉಂಡೆ ಬರುತ್ತದೆ. ಮೆಲ್ಲಗೆ, ತೂಗಿ ಎಸೆಯಬೇಕು. ನೀರಿಗೆ ಬಿದ್ದ ಮೇಲೆ ಉಂಡೆ ನಿಧಾನವಾಗಿ ಕರಗುತ್ತಾ ಸುತ್ತ ವಾಸನೆ ಬಿಡುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎಳೆದು ಹೊಸದಾಗಿ ಅದ್ದಬೇಕು.

ಚಾನಲ್ ಕ್ಯಾಟ್‌ಫಿಶ್‌ಗೆ ಇದನ್ನು ಮೀರಿಸಿದ್ದು ನಾನು ನೋಡಿಲ್ಲ. ಪಕ್ಕಪಕ್ಕದಲ್ಲೇ ಒಂದು ಕೋಲಿಗೆ ಹಾಟ್‌ಡಾಗ್, ಇನ್ನೊಂದಕ್ಕೆ ಪಂಚ್ ಬೇಟ್ ಹಾಕಿ ಕೂತಾಗಲೆಲ್ಲ ಮೊದಲು ಬಾಗಿದ್ದು ಸಾಮಾನ್ಯವಾಗಿ ಪಂಚ್ ಬೇಟ್ ಕೋಲೇ. ಜುಲೈ-ಆಗಸ್ಟ್ ಬಿಸಿಲಿನಲ್ಲಿ ಮಾತ್ರ ಇದು ನೀರಾಗುತ್ತದೆ, ಗಾಳಕ್ಕೆ ಹಿಡಿಯುವುದಿಲ್ಲ. ಐಸ್ ಪೆಟ್ಟಿಗೆಯಲ್ಲಿ ಇಡಿ. ಆ ಪೆಟ್ಟಿಗೆಯಲ್ಲಿ ಊಟ ಇಡಬೇಡಿ. ಕಾರಿನ ಡಿಕ್ಕಿಯಲ್ಲಿ ಮುಚ್ಚಳ ಸಡಿಲವಾದರೆ ಏನಾಗುತ್ತದೆ ಅಂತ ನಮ್ಮ ಮನೆಯವಳನ್ನು ಕೇಳಿ.

ರಾಗಿ ಹಿಟ್ಟಿನ ಕಥೆಯನ್ನೂ ಹೇಳಬೇಕು. ಕಾವೇರಿಯಲ್ಲಿ ಮಹಶೀರ್ ಹಿಡಿಯುತ್ತಿದ್ದವರ ಹೆಸರುವಾಸಿ ಎರೆ ರಾಗಿ ಉಂಡೆ. ಇಲ್ಲಿಯ ಇಂಡಿಯನ್ ಅಂಗಡಿಯಲ್ಲಿ ರಾಗಿ ಹಿಟ್ಟು ಸಿಗುತ್ತದೆ, ಇಂಗೂ ಸಿಗುತ್ತದೆ. ಹಿಟ್ಟನ್ನು ಮುದ್ದೆಗಿಂತ ಗಟ್ಟಿಯಾಗಿ ಬೇಯಿಸಿ, ಧಾರಾಳವಾಗಿ ಇಂಗು ಹಾಕಿ, ಸ್ವಲ್ಪ ಹತ್ತಿ ಸೇರಿಸಿ ನಾದಿದರೆ ಗಾಳದಲ್ಲಿ ಚೆನ್ನಾಗಿ ನಿಲ್ಲುತ್ತದೆ. ಕ್ಯಾಟ್‌ಫಿಶ್ ಬಂತು, ಆದರೆ ಸಣ್ಣವು. ಜಾಸ್ತಿ ಬಂದದ್ದು ಕಾರ್ಪ್. ಕಾರ್ಪ್ ಕಚ್ಚಿದರೆ ಮಾತ್ರ ಮಜಾ ಬೇರೆ. ಎಳೆದಾಟ ಬೇಗ ಮುಗಿಯುವುದಿಲ್ಲ. ಪಕ್ಕದಲ್ಲಿ ಕೂತಿದ್ದ ಬಿಳಿ ಗಡ್ಡದ ಅಜ್ಜ ಒಬ್ಬರು ಉಂಡೆ ಮೂಸಿ ನೋಡಿ, ಒಂದಿಷ್ಟು ಕೊಡು ಅಂತ ಕೇಳಿ ಇಸಕೊಂಡರು. ಕ್ಯಾಟ್‌ಫಿಶ್‌ಗಾಗಿ ರಾಗಿ ಖರ್ಚು ಮಾಡಬೇಡಿ, ಕಾರ್ಪ್ ಬೇಕಾದರೆ ಮಾಡಿ.

ಇನ್ನು ದೊಡ್ಡ ಮೀನಿನ ಮಾತು. ಲೂಯಿಸ್‌ವಿಲ್, ಟೆಕ್ಸೋಮಾದಂಥ ಜಲಾಶಯಗಳಲ್ಲಿ ಬ್ಲೂ ಕ್ಯಾಟ್ ಅನ್ನುವ ಇನ್ನೊಂದು ಜಾತಿಯ ಕ್ಯಾಟ್‌ಫಿಶ್ ಇವೆ. ಅವಕ್ಕೆ ಮೇಲಿನ ಯಾವುದೂ ಸಾಲದು. ಅಲ್ಲಿ ಶ್ಯಾಡ್ ಮೀನಿನ ತುಂಡೇ ರಾಜ. ಆ ಕೆರೆಯದ್ದೇ ಶ್ಯಾಡ್ ಆದರೆ ಇನ್ನೂ ಒಳ್ಳೆಯದು, ಅಲ್ಲಿಯ ಬ್ಲೂ ಕ್ಯಾಟ್ ದಿನಾ ತಿನ್ನುವುದು ಅದನ್ನೇ. ಬೀಸುಬಲೆ ಹಾಕಿ ಹಿಡಿಯಬಹುದು, ಬಲೆಯ ಅಗಲ 14 ಅಡಿ ಮೀರಬಾರದು. ಊರೊಳಗಿನ ಪಾರ್ಕ್ ಕೆರೆಗಳಲ್ಲಿ ಬಲೆ ಬೀಸುವಂತಿಲ್ಲ. ಶ್ಯಾಡ್ ತಲೆಯನ್ನು ಬಿಸಾಕಬೇಡಿ. ತಲೆ ಮತ್ತು ಅದರ ಹಿಂದಿನ ರಕ್ತ ಒಸರುವ ತುಂಡು ನನಗೆ ಬಾಲಕ್ಕಿಂತ ಚೆನ್ನಾಗಿ ನಡೆದಿದೆ. ಫ್ಲಾಟ್‌ಹೆಡ್ ಅನ್ನುವ ಮೂರನೇ ಜಾತಿಯೂ ಇದೆ. ಅದು ಜೀವಂತ ಮೀನನ್ನೇ ಬಯಸುವ ಪ್ರಾಣಿ, ರಾತ್ರಿ ಕಾಯಬೇಕು. ಅಷ್ಟು ತಾಳ್ಮೆ ನನಗಿಲ್ಲ.

ಚಾನಲ್ ಯಾವುದು, ಬ್ಲೂ ಯಾವುದು ಅಂತ ಗೊಂದಲವಾದರೆ ಹೊಟ್ಟೆಯ ಕೆಳಗೆ, ಬಾಲದ ಮುಂದೆ ಇರುವ ಉದ್ದ ರೆಕ್ಕೆ ನೋಡಿ. ಅಂಚು ದುಂಡಗಿದ್ದರೆ ಚಾನಲ್, ಅಡ್ಡಪಟ್ಟಿಯಿಂದ ಗೀಟು ಎಳೆದಷ್ಟು ನೇರ ಇದ್ದರೆ ಬ್ಲೂ. ಮೈಮೇಲಿನ ಚುಕ್ಕೆ ನಂಬಬೇಡಿ. ದೊಡ್ಡ ಚಾನಲ್‌ಗೆ ಚುಕ್ಕೆ ಮಾಸಿ ಹೋಗಿರುತ್ತದೆ.

ಕಟ್ಟುವ ವಿಧಾನ ಸುಲಭ. ಮೊಟ್ಟೆಯಾಕಾರದ, ನಡುವೆ ತೂತಿರುವ ಸೀಸದ ಗುಂಡನ್ನು ದಾರಕ್ಕೆ ಪೋಣಿಸಿ, ಕೆಳಗೆ ಒಂದು ಮಣಿ, ಆಮೇಲೆ ತಿರುಗುಕೊಂಡಿ, ಅಲ್ಲಿಂದ ಒಂದಡಿ ದಾರ, ತುದಿಗೆ ಗಾಳ. ಮೀನು ಎಳೆದಾಗ ದಾರ ಗುಂಡಿನೊಳಗೆ ಜಾರುತ್ತದೆ, ಭಾರ ಅದಕ್ಕೆ ತಿಳಿಯುವುದಿಲ್ಲ. ಹಾಟ್‌ಡಾಗ್, ಶ್ಯಾಡ್ ಹಾಕುವಾಗ ಮೊನೆ ಒಳಕ್ಕೆ ಬಾಗಿರುವ ಸರ್ಕಲ್ ಹುಕ್ ಬಳಸಿ. ಅದರಲ್ಲಿ ಜೋರಾಗಿ ಜಗ್ಗಬಾರದು. ಜಗ್ಗಿದರೆ ಬಾಯಿಂದ ಗಾಳ ಕಿತ್ತು ಬರುತ್ತದೆ. ಕೋಲು ತಾನಾಗಿ ಬಾಗುವವರೆಗೆ ಬಿಟ್ಟು, ಸುಮ್ನೆ ರೀಲ್ ಸುತ್ತುತ್ತಾ ಹೋದರೆ ತುಟಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಸಣ್ಣವನಿದ್ದಾಗಿನಿಂದ ಜಗ್ಗಿ ಅಭ್ಯಾಸ ಆದವರಿಗೆ ಕೈ ಕಟ್ಟಿಕೊಂಡು ಕೂರುವುದೇ ಕಷ್ಟ.

ಬ್ಯಾಸ್ ಎರೆಗಳು

ಭಾವನ ಪೆಟ್ಟಿಗೆ ತೆರೆದರೆ ಆಟಿಕೆ ಅಂಗಡಿ. ಕ್ರ್ಯಾಂಕ್‌ಬೇಟ್, ಸ್ಪಿನ್ನರ್‌ಬೇಟ್, ಕಪ್ಪೆ, ಜಿಗ್, ನೂರು ಬಣ್ಣದ ಹುಳ. ಎಲ್ಲವನ್ನೂ ಅವರ ಹತ್ತಿರ ಇಸಕೊಂಡು ಹಾಕಿ ನೋಡಿದ್ದೇನೆ. ದಡದಿಂದ ಎಸೆಯುವವನಿಗೆ ನಿಜವಾಗಿ ಬೇಕಾದವು ಎರಡು, ಹೆಚ್ಚೆಂದರೆ ಮೂರು.

ಮೊದಲನೆಯದು ಮೆತ್ತನೆ ಪ್ಲಾಸ್ಟಿಕ್ ಹುಳ. 1949ರಲ್ಲಿ ಓಹಾಯೊದ ಆಕ್ರನ್‌ನಲ್ಲಿ ನಿಕ್ ಕ್ರೀಮ್ ಎಂಬಾತ ಇಂಥ ಹುಳ ಮಾಡಿ ಮಾರಾಟಕ್ಕೆ ತಂದ. ಆಮೇಲೆ ಕಂಪನಿ ಟೆಕ್ಸಸ್‌ನ ಟೈಲರ್ ಊರಿಗೆ ಬಂತು. ಅದನ್ನು ಕಟ್ಟುವ ಒಂದು ಕ್ರಮಕ್ಕೆ ಟೆಕ್ಸಸ್ ರಿಗ್ ಅಂತಲೇ ಹೆಸರು. ಗುಂಡಿನ ಮೊನೆಯಂಥ ಸೀಸ ಮುಂದೆ, ಹಿಂದೆ ಹುಳ, ಗಾಳದ ಮೊನೆಯನ್ನು ಹುಳದ ಮೈಯೊಳಗೇ ಮುಚ್ಚಿಡುವುದು. ಮೊನೆ ಹೊರಗೆ ಇಲ್ಲದ್ದರಿಂದ ಜೊಂಡು, ಮರದ ಕೊಂಬೆ ಎಲ್ಲದರ ನಡುವೆ ನುಸುಳಿ ಬರುತ್ತದೆ. ಬ್ಯಾಸ್ ಇರುವುದೂ ಅಲ್ಲೇ ತಾನೆ.

ಎರಡನೆಯದು ಅದೇ ಬಗೆಯ ಹುಳ, ಕಟ್ಟುವುದು ಬೇರೆ. ಸೆಂಕೊ ಅನ್ನುವ ದಪ್ಪ ಕಡ್ಡಿಯಂಥ ಹುಳದ ಸರಿ ಮಧ್ಯಕ್ಕೆ ಗಾಳ ಚುಚ್ಚುತ್ತಾರೆ. ವ್ಯಾಕಿ ರಿಗ್ ಅನ್ನುತ್ತಾರೆ. ಸೀಸ ಬೇಡ. ಎಸೆದ ಮೇಲೆ ಏನೂ ಮಾಡಬೇಡಿ. ಹುಳ ಎರಡೂ ತುದಿ ನಡುಗಿಸುತ್ತಾ ನಿಧಾನಕ್ಕೆ ಇಳಿಯುತ್ತದೆ. ಕಣ್ಣು ದಾರದ ಮೇಲಿರಲಿ. ಬ್ಯಾಸ್ ತಗೊಂಡರೆ ಜಗ್ಗಿದ ಹಾಗೆ ಕೈಗೆ ಗೊತ್ತಾಗುವುದಿಲ್ಲ. ನೀರಿನ ಮೇಲೆ ಸಡಿಲವಾಗಿ ಬಿದ್ದಿದ್ದ ದಾರ ಒಂದು ಗೇಣು ಪಕ್ಕಕ್ಕೆ ಸರಿಯುತ್ತದೆ, ಅಷ್ಟೇ. ಅದು ಕಂಡ ಕೂಡಲೇ ಸಡಿಲ ಸುತ್ತಿಕೊಂಡು ಕೋಲು ಎತ್ತಬೇಕು. ತಡ ಮಾಡಿದರೆ ಗಂಟಲಿಗೆ ಇಳಿದು ಮೀನಿಗೆ ಏಟಾಗುತ್ತದೆ. ನನ್ನ ಕೈಗೆ ಬಂದ ಬ್ಯಾಸ್‌ಗಳಲ್ಲಿ ಹೆಚ್ಚಿನವು ಇದರಲ್ಲೇ ಬಂದವು. ಹೊಸಬರಿಗೆ ಕೊಡುವುದಾದರೆ ಇದನ್ನೇ ಕೊಡುತ್ತೇನೆ.

ಕ್ರ್ಯಾಂಕ್‌ಬೇಟ್ ಮರದ ಅಥವಾ ಪ್ಲಾಸ್ಟಿಕ್‌ನ ಪುಟ್ಟ ಮೀನು. ಎಳೆದರೆ ಮೈ ಅಲ್ಲಾಡಿಸುತ್ತಾ ಮುಳುಗುತ್ತದೆ. ದೋಣಿಯಲ್ಲಿ ಹೋಗುವವರಿಗೆ ದೊಡ್ಡ ಜಾಗ ಬೇಗ ಬೇಗ ಜಾಲಾಡಲು ಒಳ್ಳೆಯದು. ದಡದಿಂದ ಎಸೆದರೆ ಅದರ ಕೆಳಗಿನ ಮೂರು ಮೊನೆಯ ಗಾಳಗಳು ಮೀನಿಗಿಂತ ಜಾಸ್ತಿ ಪಾಚಿ ಹಿಡಿಯುತ್ತವೆ. ಒಂದೊಂದಕ್ಕೂ ಒಂದು ಊಟದಷ್ಟು ದುಡ್ಡು, ಕೊಂಬೆಗೆ ಸಿಕ್ಕಿದರೆ ಹೋಯಿತು. ನನಗೆ ಬೇಡವೇ ಬೇಡ. ಸ್ಪಿನ್ನರ್‌ಬೇಟ್ ಪರವಾಗಿಲ್ಲ. ತಗಡಿನ ಎಲೆ ತಿರುಗಿ ಮಿನುಗುವುದರಿಂದ, ಮಳೆ ಬಂದು ನೀರು ಕೆಂಪಾದಾಗ ಹುಳಕ್ಕಿಂತ ಇದೇ ಕೆಲಸ ಮಾಡುತ್ತದೆ. ಮೂರನೆಯದು ಬೇಕಾದರೆ ಇದನ್ನು ತಗೊಳ್ಳಿ.

ರಬ್ಬರ್ ಕಪ್ಪೆಯ ಬಗ್ಗೆ ನನ್ನ ಲೆಕ್ಕ ಒಂದು, ಮನಸ್ಸು ಇನ್ನೊಂದು. ಲೆಕ್ಕಕ್ಕೆ ನೋಡಿದರೆ ಇದರಲ್ಲಿ ಮೀನು ಕಡಿಮೆ. ಆದರೆ ಬೇಸಿಗೆಯ ಬೆಳಗಿನ ಜಾವ, ನೈದಿಲೆ ಎಲೆಗಳ ಮೇಲೆ ಕಪ್ಪೆಯನ್ನು ಕುಪ್ಪಳಿಸುತ್ತಾ ತಂದು ಎಲೆಯ ಅಂಚಿನಿಂದ ನೀರಿಗೆ ಜಾರಿಸಿದಾಗ, ಕೆಳಗಿನಿಂದ ನೀರು ಒಡೆದು ಬರುವ ಆ ಏಟಿಗೆ ಕ್ಯಾಟ್‌ಫಿಶ್ ಕಡೆಯವನಾದ ನನ್ನ ಎದೆಯೂ ಧಸಕ್ಕೆನ್ನುತ್ತದೆ. ಏಟು ಬಿದ್ದ ತಕ್ಷಣ ಎಳೆಯಬಾರದು. ಒಂದು ಕ್ಷಣ ತಡೆದು, ದಾರದಲ್ಲಿ ಭಾರ ಬಂದ ಮೇಲೆ ಎಳೆಯಬೇಕು. ಬಾಯಲ್ಲಿ ಹೇಳುವುದು ಸುಲಭ.

ಬಣ್ಣದ ವಿಷಯದಲ್ಲಿ ಅಂಗಡಿಯವರ ಮಾತು ಕೇಳಬೇಡಿ. ತಿಳಿ ನೀರಿಗೆ ಹಸಿರು-ಕಂದು, ಬಗ್ಗಡ ನೀರಿಗೆ ಕಪ್ಪು-ನೀಲಿ. ನನ್ನ ಕೈಯಲ್ಲಿ ಉಳಿದ ಬಣ್ಣಗಳಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಭಾವ ಇದನ್ನು ಒಪ್ಪುವುದಿಲ್ಲ. “ನೀನು ಅರ್ಧ ಗಂಟೆ ಒಂದೇ ಕಡೆ ನಿಲ್ಲೋನು ಕಣಯ್ಯಾ, ನಿನಗೇನು ಗೊತ್ತು” ಅನ್ನುತ್ತಾರೆ. “ನೀವು ಕೆರೆ ಸುತ್ತ ನಡೆದದ್ದಕ್ಕೆ ಮೀನು ಸಿಕ್ಕಿದ್ದು ಭಾವ, ಬಣ್ಣಕ್ಕಲ್ಲ” ಅನ್ನುತ್ತೇನೆ. ನಿಜವೂ ಅದೇ. ಐದಾರು ಸಲ ಎಸೆದು ಏನೂ ಇಲ್ಲ ಅಂದರೆ ಅವರು ಮುಂದಿನ ಮರದ ನೆರಳಿಗೆ ಹೋಗಿಬಿಡುತ್ತಾರೆ. ಬ್ಯಾಸ್ ಗುಟ್ಟು ಇರುವುದು ಆ ನಡಿಗೆಯಲ್ಲಿ.

ಕಾಲ ಕೂಡ ಬೇರೆಬೇರೆ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ, ನೀರು 60 ಡಿಗ್ರಿ ಫ್ಯಾರನ್‌ಹೀಟ್ ದಾಟಿದಾಗ ಬ್ಯಾಸ್ ಮೊಟ್ಟೆ ಇಡಲು ದಡಕ್ಕೆ ಬರುತ್ತದೆ. ಆಗ ದೋಣಿ ಇಲ್ಲದವರಿಗೂ ದೊಡ್ಡ ಮೀನು ಸಿಗಬಹುದು. ಆಮೇಲೆ ಬಿಸಿಲು ಏರಿದಂತೆ ಅದು ಬೆಳಿಗ್ಗೆ-ಸಂಜೆಯ ಆಟ. ಚಾನಲ್ ಕ್ಯಾಟ್‌ಫಿಶ್‌ಗೆ ನೀರು 70 ಡಿಗ್ರಿ ದಾಟಿದ ಮೇಲೆ ಹಸಿವು ಜಾಸ್ತಿ. ಬೇಸಿಗೆ ರಾತ್ರಿಗಳು ಅದರವು.

ದುಡ್ಡು, ಕಾನೂನು, ಅಡುಗೆ

ಕ್ಯಾಟ್‌ಫಿಶ್‌ಗೆ ಝೆಬ್ಕೊ 33 ಅನ್ನುವ ಗುಂಡಿ ಒತ್ತುವ ರೀಲ್ ಸಾಕು. 1954ರಿಂದ ಬರುತ್ತಿರುವ ಮಾಲು, ಮಕ್ಕಳೂ ಬಳಸಬಹುದು. ಬ್ಲೂ ಕ್ಯಾಟ್ ಹಿಂದೆ ಹೋದರೆ ಮಾತ್ರ ಗಟ್ಟಿ ಕೋಲು, ದಪ್ಪ ದಾರ ಬೇಕು. ಬ್ಯಾಸ್‌ಗೆ ಏಳಡಿಯ ಮಧ್ಯಮ ಗಾತ್ರದ ಸ್ಪಿನ್ನಿಂಗ್ ರಾಡ್ ತಗೊಂಡರೆ ಅದರಲ್ಲೇ ಪಂಚ್ ಬೇಟೂ ಎಸೆಯಬಹುದು. ಎರಡರಲ್ಲಿ ಯಾವುದು ಅಂತ ಇನ್ನೂ ತೀರ್ಮಾನ ಮಾಡದವರು ಇದನ್ನೇ ಕೊಳ್ಳಿ.

ಹದಿನೇಳು ತುಂಬಿದವರಿಗೆ ಲೈಸೆನ್ಸ್ ಬೇಕು. ರಾಜ್ಯದ ಸ್ಟೇಟ್ ಪಾರ್ಕ್‌ಗಳ ದಡದಿಂದ ಹಿಡಿಯುವವರಿಗೆ ಲೈಸೆನ್ಸ್ ಬೇಡ, ಮೊದಲ ಸಲ ಹೋಗುವವರಿಗೆ ಇದು ಒಳ್ಳೇ ದಾರಿ. ಬ್ಯಾಸ್ ದಿನಕ್ಕೆ ಐದು, 14 ಇಂಚಿಗಿಂತ ಚಿಕ್ಕದಿದ್ದರೆ ವಾಪಸ್ ಬಿಡಬೇಕು. ಚಾನಲ್ ಮತ್ತು ಬ್ಲೂ ಸೇರಿ ದಿನಕ್ಕೆ 25, ಊರೊಳಗಿನ ಸಣ್ಣ ಕೆರೆಗಳಲ್ಲಿ ಐದು ಮಾತ್ರ ಮತ್ತು ಒಬ್ಬರಿಗೆ ಎರಡೇ ಕೋಲು. ಕೆಲವು ಕೆರೆಗೆ ಅದರದ್ದೇ ನಿಯಮ ಇದೆ. ಡಲ್ಲಾಸ್‌ನಿಂದ ಪೂರ್ವಕ್ಕಿರುವ ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನ ಬ್ಯಾಸ್ ಇಟ್ಟುಕೊಳ್ಳುವಂತಿಲ್ಲ. ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮುಂಚೆ ಇಲಾಖೆಯ ಪುಟ ಒಮ್ಮೆ ನೋಡಿ.

ಹಿಡಿದ ಮೇಲೆ ಕೈಯಲ್ಲಿ ಹಿಡಿಯುವುದೂ ಬೇರೆ. ಬ್ಯಾಸ್ ಸುಲಭ, ಕೆಳತುಟಿಗೆ ಹೆಬ್ಬೆರಳು ಹಾಕಿ ಎತ್ತಿದರೆ ಸುಮ್ಮನಾಗುತ್ತದೆ. ಹಲ್ಲು ಉಪ್ಪುಕಾಗದದಷ್ಟು ತರಿ, ಬೆರಳು ಸವೆಯುತ್ತದೆ ಅಷ್ಟೇ. ಕ್ಯಾಟ್‌ಫಿಶ್‌ಗೆ ಬೆನ್ನಿನ ಮೇಲೊಂದು, ಎರಡು ಪಕ್ಕಕ್ಕೆ ಎರಡು ಗಟ್ಟಿ ಮುಳ್ಳು. ನಮ್ಮೂರಿನ ಚೇಳು ಮೀನು ಹಿಡಿದವರಿಗೆ ಹೇಳಬೇಕಿಲ್ಲ. ಬೆರಳುಗಳನ್ನು ಪಕ್ಕದ ಮುಳ್ಳಿನ ಹಿಂದಕ್ಕೆ ಒತ್ತಿ ಹಿಡಿಯಬೇಕು. ಚಿಕ್ಕ ಮೀನಿನ ಮುಳ್ಳೇ ಜಾಸ್ತಿ ಚೂಪು.

ತಿನ್ನುವ ವಿಷಯದಲ್ಲಿ ನನ್ನ ಪಂಗಡ ಗೆದ್ದಂತೆಯೇ. ಕ್ಯಾಟ್‌ಫಿಶ್‌ಗೆ ಹುರುಪೆ ಇಲ್ಲ, ತಲೆಯ ಹಿಂದೆ ಸುತ್ತ ಗೀರಿ ಇಕ್ಕುಳದಿಂದ ಚರ್ಮ ಎಳೆದರೆ ಬರುತ್ತದೆ. ಪಕ್ಕೆಯ ಕೆಂಪು ಮಾಂಸ ತೆಗೆದುಬಿಡಿ, ಕೆಸರು ವಾಸನೆ ಜಾಸ್ತಿ ಅಲ್ಲೇ. ಉಳಿದದ್ದಕ್ಕೆ ಹುಣಸೆಹುಳಿ, ಹಸಿ ಈರುಳ್ಳಿ ರುಬ್ಬಿದ ಖಾರ ಹಾಕಿ ಸಾರು ಮಾಡಿದರೆ ಮುದ್ದೆಗೆ ಸರಿಜೋಡಿ. ಎರಡರಿಂದ ಮೂರು ಪೌಂಡಿನವು ರುಚಿ. ದೊಡ್ಡವನ್ನು ಬಿಟ್ಟುಬಿಡಿ. ಬ್ಯಾಸ್ ತಿನ್ನಬಹುದು, ಬಿಳಿ ಮಾಂಸ, ಆದರೆ ಇಲ್ಲಿ ಬ್ಯಾಸ್ ಹಿಡಿಯುವವರು ಹೆಚ್ಚಿನವರು ಫೋಟೋ ತೆಗೆದು ಬಿಟ್ಟುಬಿಡುತ್ತಾರೆ. ಭಾವನೂ ಹಾಗೇ. ನನ್ನ ಮೀನಿನ ಸಾರಿಗೆ ಮಾತ್ರ ಮೊದಲ ತಟ್ಟೆ ಅವರದ್ದು.

ದಾಖಲೆಗಳ ಜಗಳವೂ ನಮ್ಮಲ್ಲಿ ಇದೆ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಹಿಡಿದ 22 ಪೌಂಡ್ 4 ಔನ್ಸ್ ಬ್ಯಾಸ್ ಅನ್ನು 2009ರವರೆಗೆ ಯಾರೂ ಸರಿಗಟ್ಟಲಿಲ್ಲ, ಆಗಲೂ ಜಪಾನಿನ ಬಿವಾ ಸರೋವರದಲ್ಲಿ ಮನಬು ಕುರಿತಾ ಸಮ ಮಾಡಿದ ಅಷ್ಟೇ ಅಂತ ಭಾವ ಶುರು ಮಾಡುತ್ತಾರೆ. ನಾನು ಟೆಕ್ಸೋಮಾದ ಬ್ಲೂ ಕ್ಯಾಟ್ ತೆಗೆಯುತ್ತೇನೆ. 2004ರ ಜನವರಿಯಲ್ಲಿ ಸಿಕ್ಕಿದ ಅದು 121 ಪೌಂಡ್ 8 ಔನ್ಸ್ ಇತ್ತು, ಆಗಿನ ವಿಶ್ವದಾಖಲೆ. ಸ್ಪ್ಲ್ಯಾಶ್ ಅಂತ ಹೆಸರಿಟ್ಟು ಟೆಕ್ಸಸ್‌ನದ್ದೇ ಅಥೆನ್ಸ್ ಊರಿನ ಮೀನು ಕೇಂದ್ರದ ತೊಟ್ಟಿಯಲ್ಲಿ ಜನರಿಗೆ ತೋರಿಸಲು ಇಟ್ಟಿದ್ದರು. ಜನವರಿ ಅನ್ನುವುದನ್ನು ಗಮನಿಸಿ. ಚಾನಲ್ ಮಂಕಾಗುವ ಚಳಿಯಲ್ಲೇ ದೊಡ್ಡ ಬ್ಲೂ ಚುರುಕು. ಹಾಗಾಗಿ ಈ ಸಲದ ಚಳಿಗಾಲಕ್ಕೆ ಶ್ಯಾಡ್ ತುಂಡು ಫ್ರೀಜರ್‌ನಲ್ಲಿ ಕೂಡಿಡುತ್ತಿದ್ದೇನೆ. ಭಾವ ಟೆಕ್ಸೋಮಾಕ್ಕೆ ಬರಲು ಒಪ್ಪಿದ್ದಾರೆ, ಸ್ಪಿನ್ನರ್‌ಬೇಟ್ ಪೆಟ್ಟಿಗೆ ಜೊತೆಗೆ ತರುವ ಷರತ್ತಿನ ಮೇಲೆ.